ಸಭೆ ಎಷ್ಟು ಗಂಟೆಗೆ, ಸ್ವಾಮಿ?

ಹೋದ ಬೇಸಿಗೆಯಲ್ಲಿ ನಮ್ಮ ಪೇಟೆಯಿಂದ ಎರಡು ಹರದಾರಿ ದೂರದ ಒಂದು ಹಳ್ಳಿಯ ಗ್ರಾಮಸಭೆಗೆ ಹೋಗಿದ್ದೆ. ಊರಿನ ಹೆಸರು ಬೇಡ. ಹೆಸರು ಬರೆದರೆ ಆ ಊರೊಂದೇ ಕೆಟ್ಟದ್ದು, ಉಳಿದವೆಲ್ಲ ನೆಟ್ಟಗಿವೆ ಎಂದು ನೀವು ತಿಳಿದೀರಿ. ಸಭೆ ಕರೆದಿದ್ದುದು ಬೆಳಗ್ಗೆ ೧೧ ಗಂಟೆಗೆ. ಶಾಲೆಯ ಅಂಗಳದಲ್ಲಿ ಶಾಮಿಯಾನ ಹಾಕಿದ್ದರು, ಮೈಕು ಇತ್ತು, ಅಧಿಕಾರಿಗಳಿಗೆ ಹೂವಿನ ಹಾರ ಇತ್ತು. ಊರಿನ ಜನ ಮಾತ್ರ ಇರಲಿಲ್ಲ. ಮುಂದಿನ ಸಾಲಿನ ಕುರ್ಚಿಗಳಲ್ಲಿ ಒಬ್ಬ ಗುತ್ತಿಗೆದಾರರು, ಇಬ್ಬರು ರೈಸ್ ಮಿಲ್ಲಿನ ಧಣಿಗಳು, ಗೊಬ್ಬರದ ಅಂಗಡಿಯ ಸಾಹುಕಾರರು ಮತ್ತು ಅಧ್ಯಕ್ಷೆಯ ಪತಿರಾಯರು. ಅಧ್ಯಕ್ಷೆ ವೇದಿಕೆಯ ಮೇಲಿದ್ದರು, ಮಾತೆಲ್ಲ ಪತಿರಾಯರದು. ಒಂದೇ ಗಂಟೆಯಲ್ಲಿ ವರದಿ ಓದಿ, ಫಲಾನುಭವಿಗಳ ಪಟ್ಟಿ ಓದಿ, ವಂದನಾರ್ಪಣೆ ಮುಗಿಸಿ, ಉಪ್ಪಿಟ್ಟು ಹಂಚಿದರು.

ಒಂದೂವರೆಯ ಹೊತ್ತಿಗೆ ಹೊಲದ ಕೂಲಿಗೆ ಹೋಗಿದ್ದ ಒಬ್ಬ ಹೆಣ್ಣುಮಗಳು ಬುತ್ತಿಯ ಗಂಟು ಕಂಕುಳಲ್ಲಿ ಇಟ್ಟುಕೊಂಡು ಓಡೋಡಿ ಬಂದಳು.

"ಸಭೆ ಮುಗೀತೇನ್ರಣ್ಣ?"

"ಮುಗೀತಮ್ಮ. ಬಂದದ್ದೇ ಬಂದೆ, ಪುಸ್ತಕಕ್ಕೆ ಒಂದು ಸಹಿ ಹಾಕಿ ಹೋಗು. ಜನ ಕಡಿಮೆ ಬಿದ್ದಾರೆ."

ಮನೆಯ ಪಟ್ಟಿಯಲ್ಲಿ ತನ್ನ ಹೆಸರಿದೆಯೇ ಎಂದು ಆಕೆ ಕೇಳಬೇಕಿತ್ತು. ಪಟ್ಟಿ ಆಗಲೇ ಓದಿಯಾಗಿತ್ತು. ಆಕೆ ಸಹಿ ಹಾಕಿದಳು. ಹೀಗೆ, ತಾನು ಇಲ್ಲದ ಸಭೆಯಲ್ಲಿ, ತಾನು ಕೇಳದ ಪಟ್ಟಿಗೆ, ಆಕೆಯ ಒಪ್ಪಿಗೆ ದಾಖಲಾಯಿತು. ಅರ್ಧ ದಿನದ ಕೂಲಿಯೂ ಹೋಯಿತು.

ಇದನ್ನು ನಮ್ಮ ಪೇಟೆಯ ಒಬ್ಬ ವಿದ್ಯಾವಂತ ಮಹಾಶಯರಿಗೆ ಹೇಳಿದಾಗ ಅವರು ನಕ್ಕು, "ಜನರಿಗೇ ಆಸಕ್ತಿ ಇಲ್ಲ, ಸರ್ಕಾರ ಏನು ಮಾಡೀತು?" ಎಂದರು. ಈ ಮಾತನ್ನು ನೀವೂ ಕೇಳಿದ್ದೀರಿ. ಕೂಲಿಕಾರನಿಗೆ ಆಸಕ್ತಿ ಇಲ್ಲ, ಮಿಲ್ಲಿನವನಿಗೆ ಆಸಕ್ತಿ ಇಲ್ಲ, ಸಂತೆಯಲ್ಲಿ ಬಳೆ ಮಾರುವವಳಿಗೆ ಆಸಕ್ತಿ ಇಲ್ಲ! ಹನ್ನೊಂದು ಗಂಟೆಗೆ ಬಿಡುವಾಗಿರುವವರು ಯಾರೋ ಅವರಿಗಷ್ಟೇ ಊರಿನ ಮೇಲೆ ಆಸಕ್ತಿ! ನಾನು ಕೇಳುವುದಿಷ್ಟೇ: ಹೊಟ್ಟೆಗೆ ದುಡಿಯುವವನು ದುಡಿಯುತ್ತಿರುವ ಹೊತ್ತನ್ನೇ ನೋಡಿ ಸಭೆ ಕರೆದು, ಆಮೇಲೆ ಅವನು ಬರಲಿಲ್ಲವೆಂದು ದೂರುವುದು ಯಾವ ನ್ಯಾಯ? ಬೀಗ ಹಾಕದೆ ಬಾಗಿಲು ಮುಚ್ಚುವ ಉಪಾಯ ಇದು. ಗಡಿಯಾರವೇ ಕಾವಲುಗಾರ.

ಈ ಉಪಾಯ ನಮ್ಮವರು ಕಂಡುಹಿಡಿದದ್ದೇನಲ್ಲ, ಬಹಳ ಹಳೆಯದು. ಇದನ್ನು ಕಾನೂನಿನ ಒಂದೇ ಸಾಲಿನಿಂದ ಮುರಿದದ್ದೂ ಹಳೆಯ ಮಾತೇ. ಆ ಕಥೆ ನಮ್ಮ ದುಡಿಯುವ ಬಂಧುಗಳಿಗೆ ತಿಳಿದಿರಬೇಕು.

ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಪ್ಯಾರಿಷ್ ಎಂದರೆ ಒಂದು ಚರ್ಚಿನ ಪಾದ್ರಿಯ ಸರಹದ್ದು. ಆ ಸರಹದ್ದೇ ಊರಿನ ಆಡಳಿತದ ಗಡಿಯೂ ಆಗಿತ್ತು. ದಾರಿ, ಬಡವರ ಪರಿಹಾರ, ಸ್ಮಶಾನ, ತೆರಿಗೆ, ಇವುಗಳ ವಿಚಾರವನ್ನು ವೆಸ್ಟ್ರಿ ಎಂಬ ಸಭೆ ಮಾಡುತ್ತಿತ್ತು. ಅಧ್ಯಕ್ಷ ಪೀಠ ಪಾದ್ರಿಯದು. ೧೮೧೮ರ ಒಂದು ಕಾನೂನಿನ ಪ್ರಕಾರ ಆಸ್ತಿ ಹೆಚ್ಚಿದ್ದಷ್ಟೂ ಓಟು ಹೆಚ್ಚು. ದೊಡ್ಡ ಆಸ್ತಿವಂತನಿಗೆ ಆರು ಓಟಿನವರೆಗೆ! ಜಮೀನುದಾರ, ಅವನ ಗೇಣಿಯ ದೊಡ್ಡ ಒಕ್ಕಲಿಗ, ಪಾದ್ರಿ, ಈ ಮೂವರು ಕೂತರೆ ಊರೇ ಕೂತಂತೆ. ಹೊಲದಲ್ಲಿ ದುಡಿಯುವ ಆಳಿಗೆ ಆ ಸಭೆ ಯಾವ ದಿನ ನಡೆಯಿತೆಂಬುದೂ ತಿಳಿಯುತ್ತಿರಲಿಲ್ಲ. ನಮ್ಮ ಪಟೇಲ, ಶಾನುಭೋಗ, ಧಣಿ ಮೂವರು ಚಾವಡಿಯಲ್ಲಿ ಕೂತು ಊರಿನ ಹಣೆಬರಹ ಬರೆಯುತ್ತಿದ್ದ ಕಾಲವನ್ನು ನೆನೆದುಕೊಳ್ಳಿ, ಚಿತ್ರ ಕಣ್ಣಿಗೆ ಕಟ್ಟುತ್ತದೆ.

ಆ ಆಳುಗಳು ಸುಮ್ಮನೆ ಕೂರಲಿಲ್ಲ. ೧೮೭೨ರ ಫೆಬ್ರವರಿಯಲ್ಲಿ ವಾರಿಕ್‌ಷೈರಿನ ವೆಲ್ಸ್‌ಬೋರ್ನ್ ಎಂಬ ಹಳ್ಳಿಯಲ್ಲಿ ಒಂದು ಮರದ ಕೆಳಗೆ, ಕತ್ತಲಾದ ಮೇಲೆ, ಅವರು ಸೇರಿದರು. ಜೋಸೆಫ್ ಆರ್ಚ್ ಎಂಬ ಬೇಲಿ ಕಟ್ಟುವ ಕೆಲಸಗಾರ ಅವರನ್ನು ಕುರಿತು ಮಾತಾಡಿದ. ಅಲ್ಲಿಂದ ಹೊಲದಾಳುಗಳ ರಾಷ್ಟ್ರೀಯ ಸಂಘ ಹುಟ್ಟಿತು. ೧೮೮೪ರಲ್ಲಿ ಹಳ್ಳಿಯ ಕೆಲಸಗಾರರಿಗೆ ಓಟು ಬಂತು. ಮಾರನೆಯ ವರ್ಷ ಅದೇ ಆರ್ಚ್ ಪಾರ್ಲಿಮೆಂಟಿಗೆ ಹೋದ. ೧೮೯೩ರಲ್ಲಿ, ಗ್ಲಾಡ್‌ಸ್ಟನ್ನನ ಕೊನೆಯ ಸರ್ಕಾರ ಪ್ಯಾರಿಷ್ ಕೌನ್ಸಿಲುಗಳ ಮಸೂದೆ ತಂದಿತು. ಪ್ರಭುಗಳ ಸಭೆ ಅದರ ಕೈಕಾಲು ಕತ್ತರಿಸಲು ನೋಡಿತು. ಆ ಮುದುಕ ಪಾರ್ಲಿಮೆಂಟಿನಲ್ಲಿ ಆಡಿದ ಕಡೆಯ ಭಾಷಣವೇ ಪ್ರಭುಗಳ ಆ ತಿದ್ದುಪಡಿಗಳ ವಿಷಯವಾಗಿ. ೧೮೯೪ರ ಮಾರ್ಚಿಯಲ್ಲಿ ಕಾನೂನಾಯಿತು, ಡಿಸೆಂಬರಿನಲ್ಲಿ ಮೊದಲ ಚುನಾವಣೆ ನಡೆಯಿತು. ಜನಸಂಖ್ಯೆ ೩೦೦ಕ್ಕೆ ಕಡಿಮೆಯಿಲ್ಲದ ಪ್ರತಿ ಹಳ್ಳಿಗಾಡಿನ ಪ್ಯಾರಿಷಿಗೂ ಚುನಾಯಿತ ಕೌನ್ಸಿಲು. ಪಾದ್ರಿಯ ಕೈಯಿಂದ ಊರಿನ ಲೌಕಿಕ ವ್ಯವಹಾರ ಜನರ ಕೈಗೆ. ಮದುವೆಯಾದ ಹೆಂಗಸರೂ ಓಟು ಹಾಕಬಹುದು, ಸದಸ್ಯರಾಗಬಹುದು ಎಂದಿತು ಕಾನೂನು.

ಆ ಕಾನೂನಿನಲ್ಲಿ ಎರಡು ಸಣ್ಣ ಸಾಲುಗಳಿವೆ. ವಕೀಲರು ಅವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಕ್ಕಿಲ್ಲ. ಒಂದು: ಪ್ಯಾರಿಷಿನ ಜನಸಭೆ ಸಂಜೆ ೬ ಗಂಟೆಗಿಂತ ಮೊದಲು ಆರಂಭವಾಗಕೂಡದು. ಎರಡು: ಬೇರೆ ಜಾಗವಿರುವಾಗ ಹೆಂಡದಂಗಡಿಯಲ್ಲಿ ಸಭೆ ಸೇರಕೂಡದು. ಮೊದಲನೆಯದು ದುಡಿದು ಬರುವವನಿಗಾಗಿ. ಎರಡನೆಯದು ಕುಡಿಸಿ ಕೈ ಎತ್ತಿಸುವವನ ವಿರುದ್ಧ. ಈ ಸಂಜೆ ಆರರ ನಿಯಮ ಇಂದಿಗೂ ಇಂಗ್ಲೆಂಡಿನ ಕಾನೂನಿನಲ್ಲಿದೆ. ೧೯೭೨ರ ಹೊಸ ಕಾನೂನೂ ಅದನ್ನು ಉಳಿಸಿಕೊಂಡಿತು. ನೂರಮೂವತ್ತು ವರ್ಷಗಳ ಹಿಂದೆ, ರಾಣಿಯ ರಾಜ್ಯದಲ್ಲಿ, ಕೂಲಿಯವನ ಹೊತ್ತನ್ನು ಕಾನೂನು ಲೆಕ್ಕಕ್ಕೆ ತೆಗೆದುಕೊಂಡಿತು. ಜನತಾ ರಾಜ್ಯದಲ್ಲಿ ನಮ್ಮ ಗ್ರಾಮಸಭೆಯ ಶಾಮಿಯಾನದ ಕೆಳಗೆ ಇಂದು ಯಾರ ಹೊತ್ತಿನ ಲೆಕ್ಕ ನಡೆಯುತ್ತಿದೆ?

"ಪ್ಯಾರಿಷ್ ಕೌನ್ಸಿಲು ಮಾಡುವುದಾದರೂ ಏನು? ಕಾಲುದಾರಿ, ಬೀದಿದೀಪ, ಸ್ಮಶಾನ, ಬಸ್ಸಿಗೆ ಕಾಯುವ ಚಪ್ಪರ. ಇಷ್ಟಕ್ಕೆ ಇಷ್ಟು ಗದ್ದಲವೇ?" ಎಂದು ನಮ್ಮ ಮಹಾಶಯರು ಕೇಳಬಹುದು. ಅವರ ಮನೆಯ ಮುಂದೆ ದೀಪ ಉರಿಯುತ್ತದೆ, ಆದ್ದರಿಂದ ದೀಪ ಕ್ಷುಲ್ಲಕ. ಹೊಲದಾಳಿಗೆ ಹಾಗಲ್ಲ. ೧೮೯೪ರ ಕಾನೂನು ಪ್ಯಾರಿಷ್ ಕೌನ್ಸಿಲಿಗೆ ಕೂಲಿಯವರಿಗಾಗಿ ತುಂಡು ಜಮೀನು ಗೇಣಿಗೆ ಹಿಡಿಯುವ ಅಧಿಕಾರ ಕೊಟ್ಟಿತು. ಜಮೀನುದಾರ ಒಪ್ಪದಿದ್ದರೆ ಒತ್ತಾಯದಿಂದ ಪಡೆಯುವ ದಾರಿಯನ್ನೂ ಇಟ್ಟಿತು. ಆ ತುಂಡಿನಲ್ಲಿ ಬೆಳೆದ ಆಲೂಗೆಡ್ಡೆ ಇದ್ದವನು ಚಳಿಗಾಲದಲ್ಲಿ ಧಣಿ ಕೊಟ್ಟಷ್ಟಕ್ಕೇ ಕೈ ಒಡ್ಡಬೇಕಾಗಿಲ್ಲ. ಇನ್ನೊಂದು, ಕೌನ್ಸಿಲಿನ ಒಪ್ಪಿಗೆಯಿಲ್ಲದೆ ಊರಿನ ಕಾಲುದಾರಿಯನ್ನು ಮುಚ್ಚಕೂಡದು. ದಾರಿ ಮುಚ್ಚುವವರು ಯಾರು? ಬೇಟೆಯ ಕಾಡನ್ನು ಬೇಲಿ ಹಾಕಿಕೊಳ್ಳುವ ದೊರೆಗಳು. ದಾರಿ ಬೇಕಾದವರು ಯಾರು? ಮುಂಜಾನೆ ನಡೆದು ಕೆಲಸಕ್ಕೆ ಹೋಗುವವರು. ಇವು ಕ್ಷುಲ್ಲಕವೇ? ದೊಡ್ಡ ಮಾತುಗಳು ರಾಜಧಾನಿಯಲ್ಲಿ ನಡೆಯುತ್ತವೆ ನಿಜ. ಬಡವನ ದಿನ ಕಳೆಯುವುದು ಇಂಥ ಸಣ್ಣ ಮಾತುಗಳ ಮೇಲೆಯೇ.

ಹಾಗೆಂದು ಇಂಗ್ಲೆಂಡಿನವರಿಗೆ ಆರತಿ ಎತ್ತಲು ನಾನು ಈ ಲೇಖನ ಬರೆಯುತ್ತಿಲ್ಲ. ಅಲ್ಲಿಯೂ ಕಾನೂನು ಬಂದ ಮಾತ್ರಕ್ಕೆ ಸ್ವರ್ಗ ಇಳಿಯಲಿಲ್ಲ. ಮೊದಲ ಚುನಾವಣೆಗಳಲ್ಲಿ ಸಭೆಯೊಳಗೆ ಕೈ ಎತ್ತಿ ಓಟು ಹಾಕುವ ಪದ್ಧತಿ ಇತ್ತು. ವಾಸದ ಗುಡಿಸಲೂ ಧಣಿಯದೇ ಆಗಿರುವ ಆಳು, ಧಣಿಯ ಎದುರಿನಲ್ಲೇ ಕೂತು, ಧಣಿಯ ವಿರುದ್ಧ ಕೈ ಎತ್ತಬೇಕು! ಎಷ್ಟು ಕೈ ಎದ್ದಾವು? ಅನೇಕ ಊರುಗಳಲ್ಲಿ ಹಳೆಯ ಜಮೀನುದಾರರೇ ಹೊಸ ಕುರ್ಚಿಗಳಲ್ಲಿ ಕೂತರು. ಇಂದು ಅಲ್ಲಿ ಸುಮಾರು ೧೦,೦೦೦ ಇಂಥ ಕೌನ್ಸಿಲುಗಳಿವೆ. ಎಷ್ಟೋ ಕಡೆ ಸ್ಪರ್ಧೆಯೇ ಇಲ್ಲದೆ ಕುರ್ಚಿ ತುಂಬುತ್ತದೆ, ಎಷ್ಟೋ ಕಡೆ ಕೂತವರೇ ಮತ್ತೊಬ್ಬರನ್ನು ಕರೆದು ಕೂರಿಸಿಕೊಳ್ಳುತ್ತಾರೆ. ಆರು ಗಂಟೆಯ ನಿಯಮ ಬಾಗಿಲು ತೆರೆಯುತ್ತದೆ ಅಷ್ಟೆ. ಒಳಗೆ ಹೋಗಿ ಕೂರುವುದು ಜನರ ಕೆಲಸ.

ಇನ್ನೊಂದು ಮಾತನ್ನೂ ಮರೆಯಬಾರದು. ತನ್ನ ದೇಶದ ಕೂಲಿಗೆ ಆರು ಗಂಟೆಯ ಸಭೆ ಕೊಟ್ಟ ಅದೇ ಗ್ಲಾಡ್‌ಸ್ಟನ್ನನ ಪಕ್ಷವೇ ನಮ್ಮನ್ನೂ ಆಳುತ್ತಿತ್ತು. ಅವನು ಕಳಿಸಿದ ವೈಸರಾಯ್ ರಿಪ್ಪನ್ ೧೮೮೨ರಲ್ಲಿ ಸ್ಥಳೀಯ ಸ್ವಯಮಾಡಳಿತದ ನಿರ್ಣಯ ಹೊರಡಿಸಿದ. ಮಾತು ಚೆನ್ನಾಗಿತ್ತು. ಆಮೇಲೆ ಮುಂಬಯಿ ಪ್ರಾಂತದಲ್ಲಿ, ಧಾರವಾಡ, ಬೆಳಗಾವಿ, ವಿಜಾಪುರದ ನಮ್ಮ ಜನರಿಗೆ ಬಂದದ್ದೇನು? ಕಲೆಕ್ಟರ ಸಾಹೇಬರ ಅಧ್ಯಕ್ಷತೆಯ ಲೋಕಲ್ ಬೋರ್ಡು, ನಾಮಕರಣದ ಸದಸ್ಯರು, ಆಸ್ತಿವಂತರ ಓಟು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬಂತೆ!

ಆ ಪೂಜಾರಿ ಹೋದ. ನಮ್ಮದೇ ರಾಜ್ಯ ಬಂತು. ನಮ್ಮ ಪೂಜಾರಿಗಳ ವಿಷಯ ನೋಡೋಣ.

ಸಂವಿಧಾನ ಸಭೆಯಲ್ಲಿ ೧೯೪೮ರ ನವೆಂಬರಿನಲ್ಲಿ ಡಾಕ್ಟರ್ ಅಂಬೇಡ್ಕರರು ಹಳ್ಳಿಯನ್ನು ಹೊಗಳುವವರಿಗೆ ಬಿಸಿ ಮುಟ್ಟಿಸಿದ್ದರು. ಹಳ್ಳಿ ಎಂಬುದು ಅಜ್ಞಾನ, ಸಂಕುಚಿತ ಬುದ್ಧಿ, ಜಾತಿಯ ಗೂಡು ಎಂಬುದು ಅವರ ಅಭಿಪ್ರಾಯ. ಗಾಂಧಿವಾದಿಗಳು ಮುನಿದರು. ನಮ್ಮ ಲೋಹಿಯಾರವರು ಹಳ್ಳಿ, ಜಿಲ್ಲೆ, ಪ್ರಾಂತ, ಕೇಂದ್ರ ಎಂಬ ನಾಲ್ಕು ಕಂಬದ ರಾಜ್ಯ ಬೇಕೆಂದರು. ಇಬ್ಬರ ಮಾತನ್ನೂ ನಾವು ಒಟ್ಟಿಗೆ ಹಿಡಿಯಬೇಕು. ಹಳ್ಳಿಗೆ ಅಧಿಕಾರ ಬೇಕು, ಆದರೆ ಹಳ್ಳಿಯ ಯಾರಿಗೆ? ಕಂಬ ನಿಲ್ಲಿಸಿ ಅದರ ನೆರಳಿನಲ್ಲಿ ಹಳೆಯ ಧಣಿಯನ್ನೇ ಕೂರಿಸಿದರೆ ಅಂಬೇಡ್ಕರರ ಎಚ್ಚರಿಕೆ ನಿಜವಾಗುತ್ತದೆ.

ಕರ್ನಾಟಕದಲ್ಲಿ ಕಾನೂನಿಗೆ ಬರವಿಲ್ಲ. ೧೯೫೯ರ ಕಾನೂನು ಬಂತು. ಅಬ್ದುಲ್ ನಜೀರ್ ಸಾಬರು, ಕೊಳವೆ ಬಾವಿ ತೋಡಿಸಿ ಜನರ ಬಾಯಲ್ಲಿ ನೀರ್ ಸಾಬ್ ಆದವರು, ೧೯೮೩ರ ಕಾನೂನಿಗಾಗಿ ಹೋರಾಡಿದರು. ಅದರ ಪ್ರಕಾರ ೧೯೮೭ರಲ್ಲಿ ಚುನಾವಣೆ ನಡೆದು ಕಾಲುಭಾಗ ಸ್ಥಾನ ಹೆಂಗಸರಿಗೆ ಸಿಕ್ಕಿತು. ೧೯೯೩ರಲ್ಲಿ ಸಂವಿಧಾನದ ೭೩ನೆಯ ತಿದ್ದುಪಡಿ ಜಾರಿಗೆ ಬಂತು, ಅದೇ ವರ್ಷ ಈಗಿನ ಪಂಚಾಯತ್ ರಾಜ್ ಕಾನೂನೂ ಬಂತು. ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಕರೆಯಬೇಕು, ಮತದಾರರೆಲ್ಲ ಅದರ ಸದಸ್ಯರು, ಫಲಾನುಭವಿಗಳ ಆಯ್ಕೆ ಅಲ್ಲಿ ಆಗಬೇಕು, ಲೆಕ್ಕ ಅಲ್ಲಿ ಮಂಡಿಸಬೇಕು. ೨೦೦೫ರ ಉದ್ಯೋಗ ಖಾತರಿ ಕಾನೂನು ಕೂಲಿ ಲೆಕ್ಕವನ್ನು ತನಿಖೆ ಮಾಡುವ ಹಕ್ಕನ್ನು ಗ್ರಾಮಸಭೆಗೇ ಕೊಟ್ಟಿತ್ತು. ಕಾಗದದ ಮೇಲೆ ನೋಡಿದರೆ ಇಂಗ್ಲೆಂಡಿನ ಪ್ಯಾರಿಷ್ ಸಭೆಗಿಂತ ನಮ್ಮ ಗ್ರಾಮಸಭೆಯ ಕೈ ಉದ್ದ. ಅವರ ಸಭೆ ಮಾತಾಡಬಹುದು, ನಮ್ಮದು ಆರಿಸಬಹುದು.

ಕೈ ಉದ್ದವಿರುವುದರಿಂದಲೇ ಅದನ್ನು ಕಟ್ಟಿಹಾಕುವ ಆತುರ! ೨೦೨೦ರ ಡಿಸೆಂಬರಿನ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಸದಸ್ಯಸ್ಥಾನಗಳನ್ನು ಗುಡಿಯ ಮುಂದೆ ಹರಾಜು ಹಾಕಿದ ಸುದ್ದಿ ಒಂದಲ್ಲ, ಹಲವು ಜಿಲ್ಲೆಗಳಿಂದ ಬಂತು. ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ ೨೦೨೧ರಲ್ಲಿ ಮುಗಿದ ಮೇಲೆ ಚುನಾವಣೆಯೇ ಇಲ್ಲದೆ ವರ್ಷಗಳು ಉರುಳಿದವು; ಒಂದು ಪಕ್ಷ ಹೋಗಿ ಇನ್ನೊಂದು ಪಕ್ಷ ಬಂದರೂ ಅಧಿಕಾರಿಗಳ ಆಳ್ವಿಕೆ ಮುಂದುವರಿಯಿತು. ಈ ದೊಡ್ಡ ಅನ್ಯಾಯಗಳ ಮೇಲೆ ಎಲ್ಲರೂ ಭಾಷಣ ಮಾಡುತ್ತಾರೆ, ನಾವೂ ಮಾಡಿದ್ದೇವೆ. ಹನ್ನೊಂದು ಗಂಟೆಯ ಸಣ್ಣ ಅನ್ಯಾಯದ ಮೇಲೆ ಯಾರೂ ಮಾತೆತ್ತುವುದಿಲ್ಲ. ಅದನ್ನು ಸರಿಪಡಿಸಲು ಹೊಸ ಕಾನೂನೂ ಬೇಡ, ಕೋಟಿ ರೂಪಾಯಿಯೂ ಬೇಡ.

ಪೇಟೆಯ ಸಣ್ಣ ವ್ಯಾಪಾರಿ ಬಂಧುಗಳೇ, ಇದು ಹಳ್ಳಿಯವರ ತಂಟೆ ಎಂದು ಪತ್ರಿಕೆ ಮಡಿಸಬೇಡಿ. ವಾರಕ್ಕೆ ಮೂರು ಸಂತೆ ಸುತ್ತುವವರು ನೀವು. ಸಂತೆಯ ಸುಂಕ ಎತ್ತುವ ಹಕ್ಕನ್ನು ಪಂಚಾಯಿತಿ ಹರಾಜು ಹಾಕುತ್ತದೆ. ಹಿಡಿದವನು ಚೀಟಿ ಕೊಡದೆ, ಬಾಯಿಗೆ ಬಂದಷ್ಟು ಕೇಳುತ್ತಾನೆ. ಕೊತ್ತಂಬರಿ ಕಟ್ಟಿನ ಮುಂದೆ ಕೂತ ಮುದುಕಿಗೂ, ಬಟ್ಟೆಯ ರಾಶಿ ಹಾಕಿದವನಿಗೂ ಅವನ ನಾಲಿಗೆಯೇ ದರಪಟ್ಟಿ. ಪಂಚಾಯಿತಿ ಗೊತ್ತುಮಾಡಿದ ದರ ಎಷ್ಟು, ಹರಾಜಿನಲ್ಲಿ ಬಂದ ಹಣ ಎಷ್ಟು, ಆ ಹಣದಲ್ಲಿ ಸಂತೆ ಮಾಳಕ್ಕೆ ಒಂದು ನಲ್ಲಿ, ಹೆಂಗಸರಿಗೆ ಒಂದು ಶೌಚಾಲಯ ಏಕೆ ಆಗಲಿಲ್ಲ? ಈ ಪ್ರಶ್ನೆ ಕೇಳಬೇಕಾದ ಜಾಗ ಗ್ರಾಮಸಭೆ. ನಿಮ್ಮಲ್ಲಿ ಎಷ್ಟೋ ಜನ ಆ ಹಳ್ಳಿಗಳ ಮತದಾರರೇ.

ಮಿಲ್ಲಿನ ಬಂಧುಗಳೇ, ಪೇಟೆಯಲ್ಲಿ ಬಾಡಿಗೆ ಕೊಡಲಾಗದೆ ಸುತ್ತಲ ಹಳ್ಳಿಗಳಲ್ಲಿ ಮನೆ ಮಾಡಿರುವವರು ನಿಮ್ಮಲ್ಲಿ ಕಡಿಮೆಯೇ? ಪಾಳಿ ಮುಗಿಸಿ ರಾತ್ರಿ ಸೈಕಲ್ಲು ತುಳಿಯುವ ದಾರಿಯಲ್ಲಿ ದೀಪವಿಲ್ಲ. ಮನೆ ಕಂದಾಯ ಕಟ್ಟಿದರೂ ಖಾತೆ ಆಗಿಲ್ಲ. ನೀರು ಬರುವುದು ನೀವು ಮೊದಲ ಪಾಳಿಗೆ ಹೊರಟ ಮೇಲೆ. ಒಂದು ದಿನ ರಜಾ ಹಾಕಿ ಸಭೆಗೆ ಹೋದರೆ ಸಂಬಳಕ್ಕೆ ಕತ್ತರಿ. ಗುತ್ತಿಗೆದಾರನಿಗೆ ಸಭೆಯೇ ಸಂಪಾದನೆ, ನಿಮಗೆ ಸಭೆಯೇ ದಂಡ. ಇಂಥ ತಕ್ಕಡಿಯಲ್ಲಿ ಯಾರ ತಟ್ಟೆ ಕೆಳಗಿಳಿದೀತು?

ಎದುರುವಾದಗಳನ್ನೂ ನೋಡೋಣ; ಅಡಗಿಸಿಡುವುದು ನಮ್ಮ ಪದ್ಧತಿಯಲ್ಲ. "ಸಿಬ್ಬಂದಿಯ ಕೆಲಸದ ಹೊತ್ತು ಸಂಜೆಗೆ ಮುಗಿಯುತ್ತದೆ" ಎನ್ನುತ್ತಾರೆ. ನಿಜ. ಪಂಚಾಯಿತಿಯ ನೀರಗಂಟಿ, ಕರವಸೂಲಿಗಾರ, ಕಸ ಎತ್ತುವವರು ನಮ್ಮ ಹಾಗೆ ದುಡಿಯುವವರೇ. ಅವರ ಬೆವರನ್ನು ಪುಕ್ಕಟೆ ಕೇಳುವುದು ನಮಗೆ ಒಪ್ಪುವ ಮಾತಲ್ಲ. ವರ್ಷಕ್ಕೆ ಎರಡು ಮೂರು ಸಂಜೆಯ ಸಭೆಗೆ ಬದಲು ರಜೆ ಕೊಡಿ, ತೀರಿತು. "ಕತ್ತಲಲ್ಲಿ ಹೆಂಗಸರು ಬರುವುದು ಕಷ್ಟ" ಎನ್ನುತ್ತಾರೆ. ಅದೂ ನಿಜ. ಹೆಂಗಸರು ಕತ್ತಲಲ್ಲಿ ಬರಲಾಗದ ಊರಿನಲ್ಲಿ ದೀಪ ಹಾಕಿಸಬೇಕಾದವರು ಯಾರು ಎಂದು ಅದೇ ಸಭೆಯಲ್ಲಿ ಕೇಳೋಣ. ಅಲ್ಲಿಯವರೆಗೆ ಭಾನುವಾರವೋ, ಊರಿನ ಕೂಲಿಗೆ ಬಿಡುವಿರುವ ದಿನವೋ ಕರೆಯಲಿ. "ಎರಡನೆಯ ಪಾಳಿಯವನು ಆರು ಗಂಟೆಗೂ ಬರಲಾರ" ಎನ್ನುತ್ತಾರೆ. ಬರಲಾರ, ಒಪ್ಪಿದೆ. ಎಲ್ಲರಿಗೂ ಒಗ್ಗುವ ಹೊತ್ತು ಯಾವುದೂ ಇಲ್ಲ. ಆದರೆ ಹೆಚ್ಚು ಜನಕ್ಕೆ ಒಗ್ಗುವ ಹೊತ್ತು ಯಾವುದೆಂದು ಊರನ್ನೇ ಕೇಳಬಹುದು. ಇದುವರೆಗೆ ಕೇಳಿದವರುಂಟೇ?

ನಮ್ಮವರಿಗೂ ಒಂದು ಮಾತು. ೧೯೬೦ರಲ್ಲಿ ಇಂಗ್ಲೆಂಡಿನಲ್ಲಿ ಕೌನ್ಸಿಲು ಸಭೆಗಳಿಗೆ ಜನರನ್ನೂ ಪತ್ರಿಕೆಯವರನ್ನೂ ಬಿಡಬೇಕೆಂಬ ಕಾನೂನು ಬಂತು. ಪ್ಯಾರಿಷ್ ಕೌನ್ಸಿಲಿಗೂ ಅದು ಹತ್ತಿತು. ಮಸೂದೆ ಮಂಡಿಸಿದವರು ಯಾರು? ಮುಂದೆ ಕಾರ್ಮಿಕ ಸಂಘಗಳ ಬೆನ್ನು ಮುರಿದ ಮಾರ್ಗರೆಟ್ ಥ್ಯಾಚರ್! ಪಾರ್ಲಿಮೆಂಟಿನಲ್ಲಿ ಆಕೆಯ ಮೊದಲ ಭಾಷಣವೇ ಅದರ ಮೇಲೆ. ಆಕೆಗೆ ಆ ಅವಕಾಶ ಒದಗಿಸಿದವರು ಯಾರು? ಮುದ್ರಣ ಕಾರ್ಮಿಕರ ವಿವಾದದ ಕಾಲದಲ್ಲಿ ಪತ್ರಕರ್ತರನ್ನು ಹೊರಗಿಟ್ಟು ಬಾಗಿಲು ಹಾಕಿಕೊಂಡ ಲೇಬರ್ ಪಕ್ಷದ ಕೆಲವು ಕೌನ್ಸಿಲುಗಳು. ಉದ್ದೇಶ ಒಳ್ಳೆಯದೆಂದು ಬಾಗಿಲು ಮುಚ್ಚಿದರೆ, ತೆರೆದ ಕೀರ್ತಿ ಶತ್ರುವಿಗೆ ಹೋಗುತ್ತದೆ. ನಮ್ಮ ಪಕ್ಷದ ಹೆಸರಿನಿಂದ ಪಂಚಾಯಿತಿಗಳಲ್ಲಿ ಕೂತ ಸಂಗಾತಿಗಳೇ, ನಿಮ್ಮ ಊರಿನ ಕಡೆಯ ಗ್ರಾಮಸಭೆ ಎಷ್ಟು ಗಂಟೆಗೆ ನಡೆಯಿತು? ಉತ್ತರ ಈ ಪತ್ರಿಕೆಗೆ ಬರೆಯಿರಿ. ಹನ್ನೊಂದು ಎಂದಾದರೆ ಅದನ್ನೂ ಅಚ್ಚು ಹಾಕುತ್ತೇವೆ.

ನಮ್ಮ ಬೇಡಿಕೆ ಉದ್ದವಿಲ್ಲ. ಗ್ರಾಮಸಭೆ ಸಂಜೆ ಆರರ ಮೇಲೆ ಅಥವಾ ಬಿಡುವಿನ ದಿನ ನಡೆಯಲಿ. ಒಂದು ವಾರ ಮೊದಲು ಸಂತೆಯಲ್ಲಿ, ನ್ಯಾಯಬೆಲೆ ಅಂಗಡಿಯ ಮುಂದೆ, ಮಿಲ್ಲಿನ ಗೇಟಿನಲ್ಲಿ ಡಂಗುರ ಹೊಡೆಯಲಿ. ಪಟ್ಟಿಯನ್ನು ಸಭೆಗೆ ಮೊದಲೇ ಗೋಡೆಗೆ ಅಂಟಿಸಲಿ. ಸಂತೆ ಸುಂಕದ ದರವನ್ನು ಹಲಗೆಯ ಮೇಲೆ ಬರೆದು ನಿಲ್ಲಿಸಲಿ. ಸಭೆಯ ನಡಾವಳಿಯನ್ನು ಸಭೆ ಏಳುವ ಮೊದಲೇ ಗಟ್ಟಿಯಾಗಿ ಓದಿ, ಆಮೇಲೆ ಸಹಿ ಹಾಕಿಸಲಿ. ಸಹಿ ಮೊದಲು, ಬರಹ ಆಮೇಲೆ ಎಂಬ ಜಾಣತನ ನಿಲ್ಲಲಿ. ಇಷ್ಟನ್ನು ಒಂದು ಹಾಳೆಯ ಮೇಲೆ ಬರೆದು, ಬೀದಿಯ ಹತ್ತು ಜನ ಸಹಿ ಹಾಕಿ, ಪಂಚಾಯಿತಿ ಕಚೇರಿಯಲ್ಲಿ ಕೊಟ್ಟು, ಪಡೆದದ್ದಕ್ಕೆ ಮೊಹರು ಹಾಕಿಸಿಕೊಳ್ಳಿ. ಉತ್ತರ ಬಾರದಿದ್ದರೆ ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಕೇಳಿ. ಕಡೆಯ ಸಭೆಯ ನಡಾವಳಿ ಪುಸ್ತಕದ ನಕಲನ್ನೂ ಕೇಳಿ. ಬಾರದವರ ಸಹಿ ಎಷ್ಟಿದೆಯೋ ನೋಡೋಣ.

ಬುತ್ತಿಯ ಗಂಟಿನ ಆ ಹೆಣ್ಣುಮಗಳ ಸಹಿ ಆ ಪುಸ್ತಕದಲ್ಲಿದೆ. ಅವಳ ಪ್ರಶ್ನೆ ಪುಸ್ತಕದಲ್ಲಿಲ್ಲ. ಮುಂದಿನ ಸಭೆಯಲ್ಲಿ ಆ ಪ್ರಶ್ನೆ ಸಹಿಗಿಂತ ಮೊದಲು ದಾಖಲಾಗಬೇಕು. ಅದಕ್ಕೆ ಆಕೆ ಒಬ್ಬಳೇ ಓಡಿ ಬಂದರೆ ಸಾಲದು, ನಾವೂ ಆ ಅಂಗಳದಲ್ಲಿ ಇರಬೇಕು. ಶಾಮಿಯಾನ ಕಟ್ಟುವ ಮೊದಲೇ ಹೋಗಿ, ಊರೆಲ್ಲ ಕೇಳುವಂತೆ ಒಂದೇ ಮಾತು ಕೇಳಿ: ಸಭೆ ಎಷ್ಟು ಗಂಟೆಗೆ, ಸ್ವಾಮಿ?